ಸಿಗುವ ಮುಂಚಿನ ಕುಣಿತ

ನಿರ್ದೇಶಕರಿಗೆ ನಮಸ್ಕಾರ.

ಧ್ರುವದ ಹಿಮದಲ್ಲಿ ಮುಳುಗಿಹೋದ ಹಳೆಯ ಹಡಗನ್ನು ಹುಡುಕಿದ ನಿಮ್ಮ ಸಾಕ್ಷ್ಯಚಿತ್ರದ ಪ್ರತಿ ತಲುಪಿತು. ನನ್ನ ಗಂಡ ಕುಣಿಯುವ ದೃಶ್ಯವನ್ನು ಉಳಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ.

ಆ ಕುಣಿತ ಸುಳ್ಳೆಂದು ನಮ್ಮಿಬ್ಬರಿಗೂ ಗೊತ್ತು. ಹಡಗು ಸಿಕ್ಕಾಗ ಬೆಳಕಿರುತ್ತದೋ ಇಲ್ಲವೋ ಎಂದು, ಹೊರಟ ವಾರದಲ್ಲೇ ಎಲ್ಲರನ್ನೂ ಡೆಕ್ಕಿನ ಮೇಲೆ ನಿಲ್ಲಿಸಿ ಸಂತೋಷವನ್ನು ಮುಂಗಡವಾಗಿ ಚಿತ್ರೀಕರಿಸಿಕೊಂಡಿರಿ. "ಸಿಗದ ಹಡಗಿಗೆ ಕುಣಿಸಿದ್ರು ಕಣೇ, ಸೊಂಟ ಹಿಡ್ಕೊಂಡಿದೆ" ಎಂದು ಅವರು ಫೋನಿನಲ್ಲಿ ನಕ್ಕಿದ್ದರು. ಹಡಗು ಸಿಗುವ ಮುಂಚೆಯೇ ಹಿಮದ ಬಿರುಕಿನಲ್ಲಿ ಜಾರಿ ನೀರುಪಾಲಾದರು. ನೂರು ವರ್ಷದ ಹಡಗನ್ನು ಪಟ್ಟುಬಿಡದೆ ಹುಡುಕಿದವರು ನೀವು. ಇವರನ್ನು ಮಾತ್ರ ಹವಾಮಾನ ಕೆಟ್ಟಿತೆಂದು ಬಿಟ್ಟುಬಂದಿರಿ.

ದೃಶ್ಯ ತೆಗೆಸಿಯೇ ತೀರಬೇಕೆಂದು ಕೂತಿದ್ದೆ. ಅಷ್ಟರಲ್ಲಿ ನನ್ನ ಅತ್ತೆ ಅದನ್ನು ನೋಡಿಬಿಟ್ಟರು. ಮಗ ಹೋದ ಮೇಲೆ ಸರಿಯಾಗಿ ಬಾಯಿಬಿಡದಿದ್ದವರು, "ಸದ್ಯ, ನನ್ನ ಮಗ ಹಡಗು ನೋಡೇ ಹೋದ" ಎಂದರು. ಮುಂದಿನದನ್ನು ನೋಡದೆ ಎದ್ದುಹೋಗಿ, ಅಂದು ಹೊಟ್ಟೆತುಂಬ ಉಂಡರು.

ಹಾಗಾಗಿ ದೃಶ್ಯ ಇರಲಿ. ಕೊನೆಯಲ್ಲಿ ನನ್ನ ಗಂಡ ತೀರಿಕೊಂಡ ದಿನಾಂಕ ತೋರಿಸುವ ಸಾಲನ್ನು ದಯವಿಟ್ಟು ತೆಗೆಯಿರಿ.

ಇನ್ನೊಂದು ವಿಷಯ. ಮುಂದಿನ ವಾರ ನೀವು ಮನೆಗೆ ಬಂದಾಗ ಅತ್ತೆ ಕೇಳುವುದು ಒಂದೇ: "ಹಡಗು ಕಂಡಾಗ ನನ್ನ ಮಗ ಏನಂದ?" ಉತ್ತರವನ್ನು ಮೊದಲೇ ಸಿದ್ಧಮಾಡಿಕೊಂಡು ಬನ್ನಿ, ಅದು ನಿಮಗೆ ಹೊಸದಲ್ಲ. ನೀವು ಹೇಳಿ ಮುಗಿಸುವವರೆಗೆ ನಾನು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ನಿಂತಿರುತ್ತೇನೆ.

ಇಂತಿ,
ನಿಮ್ಮ ಸೋನಾರ್ ತಂತ್ರಜ್ಞರ ಹೆಂಡತಿ