ರೆಪ್ಪೆಯ ಮೇಲಿನ ಗೆರೆ

ನವೆಂಬರ್ 13, ಶುಕ್ರವಾರ. ಬೆಳಿಗ್ಗೆ 6

ಎಂದಿನಂತೆ ಎಡಗೈ ಬೆರಳಿನಿಂದ ರೆಪ್ಪೆ ಎತ್ತಿ ಹಿಡಿದು ಪತ್ರಿಕೆ ಓದಿದೆ. ಸಂಪಾದಕೀಯ ಮುಗಿಯುವಷ್ಟರಲ್ಲಿ ಕೈ ಸೋತಿತು. ಅರವತ್ತೊಂಬತ್ತಕ್ಕೆ ರೆಪ್ಪೆಯ ಚರ್ಮ ಜೋತುಬಿದ್ದಿದೆ. ರೆಪ್ಪೆಗೂದಲು ಕಣ್ಣುಗುಡ್ಡೆಗೆ ಚುಚ್ಚುತ್ತದೆ. ಆಪರೇಷನ್ನಿಗೆ ಇನ್ನು ತಡಮಾಡಬೇಡಿ ಎಂದಿದ್ದಾರೆ ಕಣ್ಣಿನ ಡಾಕ್ಟರು.

ನಿನ್ನೆ ಮೊಮ್ಮಗಳು ಹೇದಮ್‌ಳ ಕಾಲೇಜು ಪ್ರವೇಶ ಪರೀಕ್ಷೆ ಮುಗಿಯಿತು. ಇವತ್ತು ನಾಲ್ಕನೇ ಪುಟದಲ್ಲಿ ಆಗಲೇ ಜಾಹೀರಾತು: ಹಾಲ್ ಟಿಕೆಟ್ ತೋರಿಸಿ, ಕಣ್ಣು ದೊಡ್ಡದಾಗಿ ಕಾಣುವಂತೆ ಮೇಲ್ರೆಪ್ಪೆಗೆ ಮಡಿಕೆಯ ಗೆರೆ ಹಾಕಿಸಿಕೊಳ್ಳಲು ರಿಯಾಯಿತಿ ಪಡೆಯಿರಿ. ಹನ್ನೆರಡು ವರ್ಷ ಓದಿದ್ದು ಇದಕ್ಕೆ! ಸಂಪಾದಕರಿಗೆ ಪತ್ರ ಶುರುಮಾಡಿದೆ.

ನವೆಂಬರ್ 17, ಮಂಗಳವಾರ

ಸಿನ್ಸಾ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲುದ್ದಕ್ಕೂ ಕ್ಲಿನಿಕ್ಕುಗಳ ಜಾಹೀರಾತು: ಮೊದಲು-ನಂತರ, ಮೊದಲು-ನಂತರ. "ಮೊದಲು" ಎಂಬ ಮುಖಗಳೆಲ್ಲ ನನ್ನ ಅಮ್ಮನ ಮುಖ. ಹೇದಮ್ ಜೊತೆಗೆ ಬಂದಳು — ನನ್ನನ್ನು ನೋಡಿಕೊಳ್ಳಲು ಎಂದು. ಅವಳ ಜೇಬಿನಲ್ಲಿ ಹಾಲ್ ಟಿಕೆಟ್ ಇತ್ತು.

ಕ್ಲಿನಿಕ್ಕಿನಲ್ಲಿ ಡಾಕ್ಟರಿಗಿಂತ ಮೊದಲು ಸಿಕ್ಕಿದ್ದು ಸಲಹೆ ಕೊಡುವ ಹುಡುಗಿ.

"ಅಮ್ಮಾ, ಹೇಗೂ ಕೊಯ್ಯೋದೇ ಅಲ್ವಾ? ಒಂದು ಚಂದದ ಗೆರೆನೂ ಮಾಡಿಸ್ಕೊಂಡುಬಿಡಿ. ಹತ್ತು ವರ್ಷ ಚಿಕ್ಕೋರಾಗಿ ಕಾಣ್ತೀರ."

"ಹತ್ತು ವರ್ಷದ ಹಿಂದೆನೂ ನಂಗೆ ಗೆರೆ ಇರಲಿಲ್ಲಮ್ಮ. ಅಂದಹಾಗೆ, ನಿಂಗೆ ನಾನು ಯಾವಾಗ ಅಮ್ಮ ಆದೆ?"

ಹೇದಮ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಡಾಕ್ಟರು ಪರವಾಗಿಲ್ಲ. ನನಗೆ ಹುಬ್ಬಿನ ಕೆಳಗಂಚಿನಲ್ಲಿ ಕೊಯ್ದು ಚರ್ಮ ಮೇಲೆಳೆದರೆ ಸಾಕು, ಕಣ್ಣಿನ ರೂಪ ಹಾಗೇ ಉಳಿಯುತ್ತದೆ. ಒಪ್ಪಿದೆ. ಆಮೇಲೆ ಹೇದಮ್ ಕುರ್ಚಿಯಲ್ಲಿ ಕೂತಳು, ನನ್ನನ್ನು ಕೇಳದೆ. ಡಾಕ್ಟರು ಸಣ್ಣ ತಂತಿಯಿಂದ ರೆಪ್ಪೆ ಒತ್ತಿ, ಗೆರೆ ಹೇಗೆ ಕಾಣುತ್ತದೆ ನೋಡು ಎಂದು ಕನ್ನಡಿ ಕೊಟ್ಟರು.

"ನಿಂದು ತೆಳು ಚರ್ಮ. ಕೊಯ್ಯೋದು ಬೇಡ, ಮೂರು ಕಡೆ ದಾರ ಹಾಕಿ ಒಳಗೇ ಗಂಟು ಹಾಕ್ತೀವಿ. ಕೆಲವರಿಗೆ ಮುಂದೆ ಬಿಚ್ಚಿಕೊಳ್ಳುತ್ತೆ. ಕೊಯ್ದಿದ್ದಾದ್ರೆ ಬಿಚ್ಚಲ್ಲ, ಬೇಡ ಅಂದ್ರೆ ಮೊದಲಿನ ಹಾಗೆ ಮಾಡೋದೂ ಕಷ್ಟ."

ದಾರಿಯುದ್ದಕ್ಕೂ ಉಪನ್ಯಾಸ ಕೊಟ್ಟೆ. ನೂರು ವರ್ಷಕ್ಕೂ ಹಿಂದೆ ಈ ಗೆರೆ ಶುರುಮಾಡಿದ ಜಪಾನಿನ ವೈದ್ಯರು, ಯುದ್ಧದ ನಂತರ ಇಲ್ಲಿಗೇ ಬಂದು ಅದನ್ನು ಹಬ್ಬಿಸಿದ ಅಮೆರಿಕದ ಸೇನಾ ವೈದ್ಯರು. 1968ರಲ್ಲಿ ಬ್ಯಾಂಕಿನವನು ನನ್ನ ಕೆಲಸದ ಅರ್ಜಿಯ ಫೋಟೊ ನೋಡಿ, "ಕಣ್ಣು ಸಿಡುಕಿನವಳ ಹಾಗಿದೆ, ಕೌಂಟರಿಗೆ ಆಗಲ್ಲ" ಎಂದದ್ದು.

"ಅಜ್ಜಿ, ಅವನು ಹೇಳಿದ್ದು ಕಣ್ಣಿಗಲ್ಲ, ನಿನ್ನ ಬಾಯಿಗೆ ಇರಬೇಕು."

ನವೆಂಬರ್ 21, ಶನಿವಾರ

ಚಳಿಗಾಲಕ್ಕೆಂದು ಕಿಮ್ಚಿ, ಕೋಸಿನ ಖಾರದ ಉಪ್ಪಿನಕಾಯಿ, ಹಾಕಿದೆವು. ನಲವತ್ತು ಕೋಸು. ನನ್ನ ಮಗಳು, ಹೇದಮ್‌ಳ ತಾಯಿ ಸೊನ್‌ಯಂಗ್ ಒಂದು ಕಡೆ, ನಾನು ಒಂದು ಕಡೆ, ಕೈಗೆಲ್ಲ ಕೆಂಪು ಖಾರ. ಹೇದಮ್‌ಗೆ ಇನ್ನೂ ಹತ್ತೊಂಬತ್ತು ತುಂಬಿಲ್ಲ, ಕಾನೂನಿನ ಪ್ರಕಾರ ಆಪರೇಷನ್ನಿಗೆ ತಾಯಿಯ ಸಹಿ ಬೇಕು. ಹಾಕಬೇಡ ಎಂದೆ. ಮಗುವಿನ ಮುಖಕ್ಕೆ ಚಾಕು ಹಾಕಿಸುವ ತಾಯಂದಿರು ಎಂಥವರು ಎಂದೂ ಕೇಳಿದೆ.

ಸೊನ್‌ಯಂಗ್ ಎಲೆಗಳ ನಡುವೆ ಮಸಾಲೆ ತುಂಬುವುದನ್ನು ನಿಲ್ಲಿಸಲಿಲ್ಲ.

"ಎಂಥವರು ಅಂತ ನೀನೇ ಹೇಳಮ್ಮ. ತೊಂಬತ್ತೊಂದರ ಜನವರಿಲಿ ನನ್ನ ಕೈ ಹಿಡ್ಕೊಂಡು ಕರ್ಕೊಂಡು ಹೋದವರು ಯಾರು?"

"ಅದು... ನೀನೂ ಬೇಕು ಅಂದಿದ್ದೆ."

"ನನ್ನನ್ನ ಯಾರು ಕೇಳಿದ್ರು? 'ಹಲ್ಲು ತೋರಿಸ್ಕೊಂಡು ಬರೋಣ ಬಾ' ಅಂದೆ. ಆಸ್ಪತ್ರೆ ಬಾಗಿಲಿಗೆ ಹೋದ ಮೇಲೆ ಗೊತ್ತಾಯ್ತು, ರೆಪ್ಪೆಗೆ ಅಂತ."

ಹೇದಮ್ ಕೋಸಿನ ಎಲೆಯೊಂದನ್ನು ಸುತ್ತಿ ನನ್ನ ಬಾಯಿಗಿಡಲು ಬಂದವಳು ಹಾಗೇ ನಿಂತಳು.

ಅದೇ ದಿನ, ಸಂಜೆ

ಹಳೆಯ ದಿನಚರಿ ತೆಗೆದೆ. ನನಗೆ ಎಲ್ಲ ನೆನಪಿರುತ್ತದೆ ಎಂದು ಎಷ್ಟು ಜನರ ಮುಂದೆ ಹೇಳಿದ್ದೇನೆ! 1991, ಜನವರಿ 16: ಗ್ರಂಥಾಲಯದ ಪುಸ್ತಕ ಖರೀದಿಯಲ್ಲಿ ನಡೆದ ಅನ್ಯಾಯದ ಬಗ್ಗೆ ಎರಡು ಪುಟ, ಅಂಕಿಅಂಶ ಸಮೇತ. ಕೊನೆಯಲ್ಲಿ ಒಂದು ಸಾಲು — "ಸೊನ್‌ಯಂಗ್‌ಳ ಹೊಲಿಗೆ ಬಿಚ್ಚಿದರು. ಚೆನ್ನಾಗಿದೆ."

ಹದಿನೆಂಟು ವರ್ಷದವಳು. ಕೊಯ್ದು ಮಾಡಿದ್ದು. ಅತ್ತಳೇ ಇಲ್ಲವೇ, ಬರೆದಿಲ್ಲ.

ಬ್ಯಾಂಕಿನವನ ಆ ಮಾತನ್ನೇ ನಾನು ಅವಳ ಕಣ್ಣಿನ ಬಗ್ಗೆ ಅವಳಿಗೆ ಹೇಳಿದ್ದು ಈಗ ನೆನಪಾಗುತ್ತಿದೆ. ಅದೇ ದನಿಯಲ್ಲಿ.

ಸಂಪಾದಕರಿಗೆ ಬರೆದ ಪತ್ರ ಹರಿದೆ.

ಡಿಸೆಂಬರ್ 9, ಬುಧವಾರ

ಹದಿನೆಂಟು ದಿನ ಬರೆಯಲಿಲ್ಲ. ಸೊನ್‌ಯಂಗ್ ಫೋನ್ ಮಾಡುತ್ತಾಳೆ — ಊಟ ಆಯ್ತಾ, ಕಿಮ್ಚಿ ಹುಳಿ ಬಂತಾ. ಅಷ್ಟೇ. ಇವತ್ತು ನಾನೇ ಹೋದೆ. ಅವಳು ಪಾತ್ರೆ ತೊಳೆಯುತ್ತಿದ್ದಳು.

"ಆವತ್ತು ನಿನ್ನನ್ನ ಕೇಳಬೇಕಿತ್ತು ನಾನು," ಎಂದೆ.

ನಲ್ಲಿ ನಿಲ್ಲಿಸಲಿಲ್ಲ. "ಇಪ್ಪತ್ತೈದು ವರ್ಷ ಆಯ್ತಮ್ಮ. ಈಗ ಇದೇ ನನ್ನ ಮುಖ." ಆಮೇಲೆ, "ಹೇದಮ್‌ಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೀನಿ. ಅವಳು ಸಹಿ ಹಾಕೋ ಜಾಗ ಖಾಲಿ ಬಿಟ್ಟಿದೀನಿ. ಬೇಕು ಬೇಡ ಅವಳೇ ಹೇಳಲಿ. ನೀನು ಮಾತ್ರ ಅವಳ ಹತ್ರ ಭಾಷಣ ಬಿಗೀಬೇಡ."

ಒಪ್ಪಿದೆ.

ಡಿಸೆಂಬರ್ 18, ಶುಕ್ರವಾರ. ಸಂಜೆ 4

ನನ್ನ ಆಪರೇಷನ್ ಆಗಿ ನಾಲ್ಕು ದಿನ. ಹುಬ್ಬಿನ ಕೆಳಗೆ ಹೊಲಿಗೆ, ಕೆನ್ನೆಯವರೆಗೆ ನೀಲಿ. ಬರೆಯಬಾರದಂತೆ. ಬೆರಳಿನಿಂದ ಎತ್ತಿ ಹಿಡಿಯದೆ ಬರೆಯುತ್ತಿದ್ದೇನೆ!

ಹೇದಮ್ ಐಸ್ ಚೀಲ ತಂದಳು. ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ತುಂಬ ಹೊತ್ತು ನೋಡಿದಳು.

"ಜಗಳದಲ್ಲಿ ಸೋತು ಬಂದೋಳ ಹಾಗಿದೀಯ. ಆದ್ರೂ ನೀನೇ."

ನಾಳೆ ಹತ್ತಕ್ಕೆ ಅವಳ ಸರದಿ. ಒಪ್ಪಿಗೆ ಪತ್ರ ಊಟದ ಮೇಜಿನ ಮೇಲಿದೆ, ಪಕ್ಕದಲ್ಲಿ ಕನ್ನಡಿ. ಅರ್ಧ ಗಂಟೆಯಿಂದ ಅಲ್ಲೇ ಕೂತಿದ್ದಾಳೆ. ಒಮ್ಮೆ ಕನ್ನಡಿ, ಒಮ್ಮೆ ನಾನು. ಬಾಯಿ ಬಿಗಿಹಿಡಿದಿದ್ದೇನೆ. ಕೊನೆಗೆ ಒಂದೇ ಮಾತು ಕೇಳಿದೆ.

"ನಿಂಗೆ ಬೇಕಾ, ಹೇದಮ್?"

ಯಾರೋ ಮೊದಲ ಸಲ ಕೇಳಿದ ಹಾಗೆ ಯೋಚಿಸಿದಳು. ಆಮೇಲೆ ಕೈ ಚಾಚಿದಳು.

"ಅಜ್ಜಿ, ಪೆನ್ನು ಕೊಡು."

"ಸಹಿ ಹಾಕ್ತೀಯಾ, ಇಲ್ಲ ಅಡ್ಡಗೆರೆ ಎಳೀತೀಯಾ?"

"ಮೊದಲು ಕೊಡು."

ಮನೆಯಲ್ಲಿ ಬರೆಯುವುದು ಈ ಒಂದೇ ಪೆನ್ನು. ಈ ಸಾಲು ಮುಗಿಸಿ ಕೊಡುತ್ತೇನೆ ಎಂದರೆ ಕೇಳುತ್ತಿಲ್ಲ, ಎದ್ದು ಬಂದೇಬಿಟ್ಟಳು, ಪೆನ್ನಿಗೇ ಕೈ ಹಾಕಿದಳು, ಅವಳು ಏನೇ ಬರೆಯಲಿ, ನಾನು