ಲುಸಾಕಾಕ್ಕೆ ಹೋದ ಕಂಬಳಿ

ಕೊಳಾರ, ಬೀದರ
೧೬ ಏಪ್ರಿಲ್ ೨೦೧೬, ಶನಿವಾರ

ಪ್ರೀತಿಯ ತಂಗಿ ಅಂಜನಾ,

ಹೇಗಿದ್ದೀಯವ್ವಾ? ಹೋದ ತಿಂಗಳ ಜ್ವರ ಪೂರ್ತಿ ಬಿಟ್ಟಿತೇ? ಮೆಕ್ಕೆಜೋಳದ ಮುದ್ದೆಯಲ್ಲೇ ದಿನ ನೂಕುತ್ತಿದ್ದೀಯಂತೆ. ಬಿಳಿಜೋಳದ ರೊಟ್ಟಿ ತಿಂದು ಬೆಳೆದ ಹೊಟ್ಟೆ, ಜೋಪಾನ. ಇಲ್ಲಿ ಗೋದಾಮಿನ ಕೆಲಸ ನಡೆದಿದೆ, ನಾನು ಗಟ್ಟಿಯಾಗಿದ್ದೇನೆ. ಫೋನಿರುವಾಗ ಅಣ್ಣ ಪತ್ರ ಯಾಕೆ ಬರೆದ ಎನ್ನಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದೊಡನೆ ನನ್ನ ಬಾಯಿ ಇನ್ನೊಂದು ಸುಳ್ಳು ಹೇಳಿಬಿಡುತ್ತದೆ.

ನಿನಗೆ ಕಳಿಸಿದ ಆ ಕಂಬಳಿ ಅವ್ವನದಲ್ಲ.

ಲುಸಾಕಾದ ಸುತ್ತಲಿನ ದೇಶಗಳು ಸುಂಕವಿಲ್ಲದೆ ವ್ಯಾಪಾರ ಮಾಡಲು ಒಪ್ಪಿವೆ, ಸರಕು ನಿಜಕ್ಕೂ ಎಲ್ಲಿ ಹುಟ್ಟಿತೆಂದು ಗುರುತಿಸುವುದನ್ನು ಅವರ ಅಧಿಕಾರಿಗಳಿಗೆ ಕಲಿಸುವುದೇ ನನ್ನ ಕೆಲಸ ಎಂದು ನೀನು ಬರೆದಿದ್ದೆ. ಪಾಠಕ್ಕೆಂದು ಅವ್ವನ ಕಂಬಳಿ ಕೇಳಿದೆ. ನಮ್ಮದೇ ಕುರಿ, ನಮ್ಮದೇ ಉಣ್ಣೆ, ಅವ್ವ ನೂತದ್ದು, ಮಡೆಪ್ಪ ಕಾಕಾ ನೇಯ್ದದ್ದು, ಹೊರಗಿನದು ಒಂದೆಳೆಯೂ ಇಲ್ಲವೆಂದು ಚೀಟಿಯನ್ನೂ ಬರೆದುಕೊಡು ಎಂದೆ. ಆದರೆ ದೀಪಾವಳಿಯಿಂದಲೇ ನಮ್ಮ ಔರಾದ ಕಡೆ ಮೇವಿರಲಿಲ್ಲ. ಅವ್ವ, ಕಾಕಾ ಮನೆಗೆ ಬೀಗ ಹಾಕಿ ಕುರಿ ಹೊಡೆದುಕೊಂಡು ಭಾಲ್ಕಿ ಕಡೆ ಇಳಿದಿದ್ದರು. ನಿನಗೆ ಮಾತ್ರ ನಾನು ಫೋನಿನಲ್ಲಿ ಪ್ರತಿ ಸಲವೂ, ಅವ್ವ ಮನೆಯಲ್ಲಿ ಆರಾಮ ಎಂದೆ. ಊರೂರು ಅಲೆದು ಅವಳನ್ನು ಹುಡುಕಲು ಬೇಸರಪಟ್ಟು, ಬೀದರಿನ ಅಬ್ದುಲ ಗಫೂರನ ಅಂಗಡಿ ಹತ್ತಿದೆ. "ಕುರಿ ಮಂದಿ ಮನಿ ಮಗ ಕಂಬಳಿ ಕೊಳ್ಳಲಿಕ್ಕ ಬಂದೀಯೇನೋ ಹಣಮಂತಪ್ಪ! ಇದು ಮಿಲ್ಲಿಂದು ನೋಡಪಾ, ಆಮ್ಯಾಲ ನನಗ ಅನಬ್ಯಾಡ" ಎಂದು ಅವನು ಪ್ರಾಮಾಣಿಕವಾಗಿಯೇ ಹೇಳಿದ. ಅವ್ವ ನೂತದ್ದೆಂದು ಚೀಟಿ ಬರೆದು ಸಹಿ ಹಾಕಿದವನು ನಾನು.

ಆಮೇಲೆ ನಿನ್ನ ಫೋಟೋ ಬಂತು. ಎಂಟು ದೇಶದವರ ಮುಂದೆ ಕಂಬಳಿ ಎತ್ತಿ ಹಿಡಿದಿದ್ದೀಯ, ಹಿಂದಿನ ಗೋಡೆಯ ಮೇಲೆ ಕಟ್ಟು ಹಾಕಿಸಿದ ನನ್ನ ಚೀಟಿ. ಕಾಕಾ ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿಯ ವಾಸನೆ ಯಾಕೋ ಬರಲಿಲ್ಲ ಅಣ್ಣಾ, ದಾರಿಯಲ್ಲಿ ಹೋಗಿರಬೇಕು ಎಂದು ನೀನು ಬರೆದೆ. ಒಂದು ಸುಳ್ಳು ಚೀಟಿ ಸಿಕ್ಕರೆ ಗಡಿಯಲ್ಲಿ ನೂರು ಬಡವರ ನಿಜದ ಸರಕೂ ನಿಂತುಬಿಡುತ್ತದೆ ಎಂದೂ ಬರೆದೆ. ಅದನ್ನು ಓದಿದ ಮೇಲೆ ಅವ್ವನನ್ನು ಹುಡುಕಿಕೊಂಡು ಹೊರಟೆ.

ಹೋದ ಭಾನುವಾರ ಹಲಬರ್ಗಾದ ಹತ್ತಿರ ಅವ್ವ ಸಿಕ್ಕಳು. ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದರು. ಎಲ್ಲ ಹೇಳಿದೆ. ಬೈಯಲಿಲ್ಲ. ಮೊಬೈಲಿನಲ್ಲಿ ನಿನ್ನ ಫೋಟೋ ನೋಡಿ, "ಚೆಂದ ನಿಂತಾಳ ನನ್ನ ಮಗಳು. ಕೈಯಾಗಿಂದಷ್ಟ ಸುಳ್ಳು" ಎಂದಳು. ಹೆಗಲ ಮೇಲಿನ ಕಂಬಳಿ ತೆಗೆದು, ಜಾಲಿಮುಳ್ಳು ಕಿತ್ತು, ಮಡಚಿ ಕೊಟ್ಟಳು. "ಎರಡೂ ಆ ಮಂದಿ ಮುಂದ ಇಡು ಅನ್ನು ಆಕಿಗೆ. ಮೂಸಿ ನೋಡ್ಲಿ. ನಂದು ಯಾವ್ದಂತ ಅವ್ರೇ ಹೇಳ್ಲಿ."

ಅದನ್ನೇ ಈ ಪತ್ರದ ಜೊತೆ ಕಳಿಸಿದ್ದೇನೆ. ಈ ಸಲ ಚೀಟಿ ಬರೆದಿಲ್ಲ. ಗೋಡೆಯ ಚೀಟಿ ಅಲ್ಲೇ ಇರಲಿ, ಸುಳ್ಳು ಹೀಗಿರುತ್ತದೆಂದು ತೋರಿಸು. ಅವ್ವನ ಹೆಸರಿನ ಮೇಲೆ ಮಾತ್ರ ಕಾಗದ ಅಂಟಿಸು. ಕಾಕಾ ನಿನ್ನನ್ನು ಕೇಳಿದ. ಅವ್ವ ಹಣೆ ಮುಟ್ಟಿ ಹರಸಿದ್ದಾಳೆ.

ಬೈಗುಳಕ್ಕೆ ಕಾದಿರುವ ನಿನ್ನ ಅಣ್ಣ,
ಹಣಮಂತಪ್ಪ

ತಾ.ಕ.: ಅಂಚೆಯವರು ಬಾಗಿಲು ಹಾಕುತ್ತಿದ್ದಾರೆ. ಅವ್ವ ಹೇಳಬೇಡವೆಂದಿದ್ದಾಳೆ, ಆದರೂ ಹೇಳುತ್ತೇನೆ: ಬಯಲಿನಲ್ಲಿ ಅವಳಿಗಿದ್ದದ್ದು ಆ ಕಂಬಳಿ ಒಂದೇ. ಅದರ ಬದಲಿಗೆ ನಾನು ಕೊಂಡುಕೊಟ್ಟ ಹೊಸದನ್ನು ಹೊದೆಯದೆ ಕುರಿಮರಿಗೆ ಹಾಸಿದ್ದಾಳಂತೆ. ಪಾಠ ಮುಗಿದೊಡನೆ, ಮಳೆ ಬೀಳುವ ಮೊದಲು, ಅಂಚೆಯಲ್ಲಲ್ಲ, ನೀನೇ ಹೊತ್ತು ತಾ.