ಮಾಸ್ಕಿನ ಹಿಂದಿನ ಅಮ್ಮ

ಮಾರ್ಚ್ 4

ಒಂದು ವಿಷಯ ಬರೆಯದೆ ಬಿಟ್ಟೇಬಿಡುತ್ತಿದ್ದೆ. ಆನ್‌ಲೈನ್‌ನಲ್ಲಿ ಹಾಕಬೇಕೆಂದಿರುವ ಪೋಸ್ಟ್‌ನ ಡ್ರಾಫ್ಟ್‌ನಲ್ಲಿ ಉಳಿದದ್ದೆಲ್ಲ ಇದೆ — ದೊಡ್ಡ ಮಗಳ ರಕ್ತದ ಕ್ಯಾನ್ಸರ್, ದೂರದ ಊರಿನಲ್ಲಿ ಬೋನ್ ಮ್ಯಾರೋ ಕಸಿ, ಅಂಥದೊಂದು ಮಕ್ಕಳ ವಾರ್ಡ್ ನಮ್ಮೂರಿಗೂ ಬೇಕೆಂಬ ಬೇಡಿಕೆ. ಚಿಕ್ಕವಳು ಪುಟ್ಟಿಯ ಮಾತು ಮಾತ್ರ ಇಲ್ಲ. ಅವಳಿಗೇನೂ ಆಗಿರಲಿಲ್ಲವಲ್ಲ... ಹಾಗೆಂದುಕೊಂಡೆನೋ, ಹಾಗೆಂದುಕೊಳ್ಳುವುದು ಸುಲಭವಾಗಿತ್ತೋ.

ಮಾರ್ಚ್ 6, ಮಧ್ಯಾಹ್ನ

ನಮ್ಮೂರ ಆಸ್ಪತ್ರೆಯ ಮುಖ್ಯಸ್ಥರನ್ನು ಕಂಡು ಬಂದೆ. ಒಳ್ಳೆಯವರೇ.

"ಮಗಳು ಹೇಗಿದ್ದಾಳಮ್ಮ ಈಗ?"

"ಚೆನ್ನಾಗಿದ್ದಾಳೆ ಸರ್. ಸೈಕಲ್ಲಿಂದ ಇಳಿಸೋದೇ ಕಷ್ಟ."

"ವಾರ್ಡ್ ಮಂಜೂರು ಮಾಡೋ ಸಮಿತಿಯವರು ಅದನ್ನೇ ಹೇಳ್ತಾರೆ ನೋಡಿ. ಹೋದವರು ಗುಣವಾಗಿ ಬರ್ತಿದ್ದಾರಲ್ಲ, ಇಲ್ಲೂ ಒಂದು ವಾರ್ಡ್ ಯಾಕೆ ಅಂತ."

ಅವಳು ಗುಣವಾದದ್ದೇ ನಮಗೆ ಅಡ್ಡ ಬಂದು ನಿಂತಿದೆ.

ಹೊರಗೆ ಬೆಂಚಿನ ಮೇಲೆ ಬಸ್ ಡ್ರೈವರ್‌ನ ಹೆಂಡತಿ. ಮಗಳನ್ನು ಕಸಿಗೆ ಅದೇ ದೂರದ ಊರಿಗೆ ಕರೆದೊಯ್ಯಬೇಕು. ಮನೆಯಲ್ಲಿ ಇನ್ನೊಂದು ಕೂಸು. ಆ ವಾರ್ಡಿಗೆ ಅದನ್ನು ಬಿಡುವುದಿಲ್ಲ.

"ಅಕ್ಕಾ, ನೀವೂ ಚಿಕ್ಕವಳನ್ನ ಬಿಟ್ಟು ಹೋಗಿದ್ರಲ್ಲ. ಏನೂ ಆಗ್ಲಿಲ್ಲ ತಾನೆ?"

"ಏನೂ ಇಲ್ಲ" ಎಂದುಬಿಟ್ಟೆ.

ಮಾರ್ಚ್ 7

ಬರೆಯುತ್ತೇನೆ. ವಾರ್ಡಿನಲ್ಲಿ ಮಾಸ್ಕ್ ತೆಗೆಯುವಂತಿರಲಿಲ್ಲ. ಪುಟ್ಟಿಗೆ ಆಗ ಎರಡು ವರ್ಷ, ನನ್ನ ತಂಗಿಯ ಮನೆಯಲ್ಲಿದ್ದಳು. ತಿಂಗಳುಗಟ್ಟಲೆ ಫೋನಿನಲ್ಲಿ ಅವಳು ಕಂಡದ್ದು ನೀಲಿ ಮಾಸ್ಕಿನ ಅಮ್ಮನನ್ನು. ವಾಪಸು ಬಂದ ದಿನ ಬಾಗಿಲಲ್ಲೇ ಮಾಸ್ಕ್ ಕಿತ್ತೆಸೆದು ಕೈಚಾಚಿದೆ. ತಂಗಿಯ ಹಿಂದೆ ಅಡಗಿದಳು.

"ಅಮ್ಮ ಕಣೇ."

"ಅಲ್ಲ."

ಕೊನೆಗೆ ತಂಗಿಯೇ ಮೆಲ್ಲಗೆ, "ಅಕ್ಕಾ, ಒಂದ್ಸಲ ಹಾಕ್ಕೋ."

ಹಾಕಿಕೊಂಡೆ. ಓಡಿಬಂದು ಕೊರಳಿಗೆ ಜೋತುಬಿದ್ದಳು. ನನ್ನ ಬಾಯಿ ಸೊಟ್ಟಗಾದದ್ದು ಯಾರಿಗೂ ಕಾಣಲಿಲ್ಲ. ಆದರೆ ಊಟಕ್ಕೆ ಕೂತಾಗ ತೆಗೆಯಲೇಬೇಕಾಯಿತಲ್ಲ... ತಟ್ಟೆ ಹಿಡಿದು ತಂಗಿಯ ಪಕ್ಕಕ್ಕೆ ಸರಿದಳು.

ಮಾರ್ಚ್ 11

ತಂಗಿಗೆ ಓದಿ ಹೇಳಿದೆ. "ಜನ ನಿನ್ನನ್ನೂ ಎಳೆದು ಮಾತಾಡ್ತಾರೆ," ಎಂದೆ.

"ಮಾತಾಡ್ಲಿ. ಅಷ್ಟು ದಿನ ಅವಳ ಮೂಗು ಒರೆಸಿದ್ದು ಯಾರು ಅಂತಾನೂ ಬರಿ. ಹೆಸರು ನಿಂದು, ಕೆಲ್ಸ ನಂದು."

ಇಬ್ಬರೂ ನಕ್ಕೆವು. ಆಮೇಲೆ ಅವಳು, ಪಾತ್ರೆ ಒರೆಸುತ್ತಾ —

"ನೀನು ಅವಳನ್ನ ಕರ್ಕೊಂಡು ಹೋದ್ಮೇಲೂ ನಾನು ಮಂಚದ ಅಂಚಿಗೇ ಮಲಗ್ತಿದ್ದೆ, ಅವಳಿಗೆ ಜಾಗ ಬಿಟ್ಟು. ಅದನ್ನ ಮಾತ್ರ ಬರೀಬೇಡ."

ಪೋಸ್ಟ್‌ನಲ್ಲಿ ಬರೆಯುವುದಿಲ್ಲ. ಇಲ್ಲಿರಲಿ.

ಮಾರ್ಚ್ 13

ಡ್ರೈವರ್‌ನ ಹೆಂಡತಿಗೆ ಫೋನ್ ಮಾಡಿ ನಿಜ ಹೇಳಿದೆ. ಹೇಳಬಾರದಿತ್ತೆ? ಹೆದರಿ ಪ್ರಯಾಣ ಬಿಟ್ಟರೆ ಗತಿ?

"ಹೋಗ್ದೆ ಆಗುತ್ತಾ ಅಕ್ಕಾ" ಎಂದಳು.

"ಹೋಗು. ಆದ್ರೆ ದಿನಾ ವಾರ್ಡಿಂದ ಆಚೆ ಬಂದು, ಮೆಟ್ಟಿಲ ಹತ್ರ ನಿಂತು, ಮಾಸ್ಕ್ ತೆಗೆದು ಕೂಸಿಗೆ ಫೋನ್ ಮಾಡು. ಪೂರ್ತಿ ಮುಖ ತೋರಿಸು. ನನಗದು ಹೊಳೀಲೇ ಇಲ್ಲ."

"ನಿಮ್ಮ ಬರಹದಲ್ಲಿ ನನ್ನ ಕೂಸನ್ನೂ ಸೇರಿಸ್ತೀರಾ? ಗುಣವಾದವರ ಲೆಕ್ಕದಲ್ಲಿ ಅದು ಬರಲ್ವಲ್ಲ."

ಸೇರಿಸಿದೆ. ಅವಳ ಮಾತಿನಲ್ಲೇ.

ಮಾರ್ಚ್ 14

ಪುಟ್ಟಿಗೂ ಓದಿ ಹೇಳಿದೆ. ಈಗ ಆರು ತುಂಬಿದ ಜಾಣೆ.

"ನಾನಾ? ಸುಳ್ಳು," ಎಂದು ನನ್ನ ಮುಖವನ್ನೇ ನೋಡಿದಳು. ಸ್ವಲ್ಪ ಹೊತ್ತು ಹೆಚ್ಚೇ.

ಹದಿನಾರರ ಸಂಜೆ ಡ್ರೈವರ್‌ನ ಹೆಂಡತಿ, ಮಗಳು ಹೊರಡುವ ರೈಲು. ಹದಿನೆಂಟಕ್ಕೆ ಸಮಿತಿಯ ಸಭೆ. ನಡುವಿನ ದಿನ ಪೋಸ್ಟ್ ಹಾಕುತ್ತೇನೆ — ಕೂಸು ಎದ್ದು ಅಮ್ಮನನ್ನು ಹುಡುಕುವ ಮೊದಲ ಬೆಳಿಗ್ಗೆ. ಮಾರ್ಚ್ 17ಕ್ಕೆ.